ಸೋತ ಊರು ಕಟ್ಟಿದ ಕಥೆ

ತುಂಗಭದ್ರೆಯ ದಂಡೆಯ ಕಂಪ್ಲಿಗೆ ಎರಡು ಚರಿತ್ರೆಗಳಿವೆ. ಒಂದು ಇತಿಹಾಸಕಾರರು ಬರೆದದ್ದು. ಅದರ ಪ್ರಕಾರ 1327ರ ಸುಮಾರಿಗೆ ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್‌ನ ಸೈನ್ಯ ಬಂದು ಈ ಪುಟ್ಟ ರಾಜ್ಯವನ್ನು ಅಳಿಸಿಹಾಕಿತು. ಇನ್ನೊಂದು ಕವಿಗಳು, ಹಾಡುಗಾರರು ಕಟ್ಟಿದ್ದು. ಅದರಲ್ಲಿ ಕಂಪಿಲರಾಯನ ಮಗ ಕುಮಾರರಾಮ ಸತ್ತನೆಂದು ಊರೆಲ್ಲ ಅತ್ತ ಮೇಲೆ ನೆಲಮಾಳಿಗೆಯಿಂದ ಎದ್ದು ಬಂದು ಶತ್ರುಗಳನ್ನು ಓಡಿಸುತ್ತಾನೆ. ಮೊದಲನೆಯದಕ್ಕೆ ಶಾಲೆಯ ಪಠ್ಯಪುಸ್ತಕದಲ್ಲಿ ಒಂದೆರಡು ಸಾಲು ದೊರೆತರೆ ಹೆಚ್ಚು. ಎರಡನೆಯದು ಕಾವ್ಯವಾಗಿ, ಹಾಡಾಗಿ, ನಾಟಕವಾಗಿ ಕೊನೆಗೆ ಸಿನಿಮಾವೂ ಆಗಿ ಜನರ ನಡುವೆ ಓಡಾಡಿಕೊಂಡಿದೆ.

ಇಂದಿನ ಓದುಗರು ‘ಫ್ಯಾಂಟಸಿ’ ಎಂದು ಕರೆಯುವ ಕಥೆಗಳ ಬಗ್ಗೆ ಮಾತು ಬಂದಾಗಲೆಲ್ಲ ಟೋಲ್ಕಿನ್‌ನ ಉಂಗುರದ ಕಥೆ, ಹ್ಯಾರಿ ಪಾಟರ್‌ನ ಮಂತ್ರದಂಡ ನೆನಪಾಗುತ್ತವೆ. ಇದೇನೋ ಹೊರಗಿನಿಂದ ಬಂದ ಸರಕು, ಮಕ್ಕಳ ಕಾಲಹರಣದ ಓದು ಎಂಬ ಭಾವನೆಯೂ ಇದೆ. ಆದರೆ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳನ್ನು ಸುತ್ತಿ ಬಂದವರಿಗೆ ಇಂಥ ಕಥೆಗಳ ಸೂತ್ರಗಳೆಲ್ಲ ಇಲ್ಲಿಯ ಬಂಡೆಗಳ ನಡುವೆಯೇ ಸಿಗುತ್ತವೆ. ಅಷ್ಟೇ ಅಲ್ಲ, ಜನ ಅದ್ಭುತ ಕಥೆಯನ್ನು ಏಕೆ ಕಟ್ಟುತ್ತಾರೆ, ಅದರಿಂದ ಏನು ಪಡೆಯುತ್ತಾರೆ, ಏನು ಕಳೆದುಕೊಳ್ಳುತ್ತಾರೆ ಎಂಬ ಪ್ರಶ್ನೆಗಳಿಗೂ ಇಲ್ಲಿ ಉತ್ತರವಿದೆ.

ನಡೆದದ್ದೇನು?

ಮೊದಲು ಇತಿಹಾಸವನ್ನೇ ನೋಡೋಣ. ಮುಮ್ಮಡಿ ಸಿಂಗೆಯ ನಾಯಕನ ಮಗ ಕಂಪಿಲರಾಯ ಕಂಪ್ಲಿ, ಕುಮ್ಮಟದುರ್ಗ, ಹೊಸಮಲೆದುರ್ಗಗಳನ್ನು ನೆಲೆಯಾಗಿ ಮಾಡಿಕೊಂಡು ಆಳಿದವನು. ಕುಮ್ಮಟದುರ್ಗ ನದಿಯ ಆಚೆ ಗಂಗಾವತಿಯ ಕಡೆಗಿದೆ. ಹೊಸಮಲೆದುರ್ಗವೆಂದರೆ ಸಂಡೂರು ಬೆಟ್ಟಸಾಲಿನ ರಾಮಗಡ ಎಂದು ಕೆಲವು ವಿದ್ವಾಂಸರು ಗುರುತಿಸುತ್ತಾರೆ.

ಸುಲ್ತಾನನ ಸೋದರ ಸಂಬಂಧಿ ಬಹಾವುದ್ದೀನ್ ಗುರ್ಶಾಸ್ಪ್ ದೆಹಲಿಯ ವಿರುದ್ಧ ದಂಗೆ ಎದ್ದು ಸೋತು, ಓಡಿಬಂದು ಕಂಪಿಲರಾಯನ ಆಶ್ರಯ ಬೇಡಿದ. ರಾಯ ಆಶ್ರಯ ಕೊಟ್ಟ. ಅದರ ಬೆಲೆಯಾಗಿ ದೆಹಲಿಯ ದಂಡು ಬಂತು. ಮೊದಲ ಯತ್ನದಲ್ಲಿ ಅದು ಗೆಲ್ಲಲಿಲ್ಲ. ಮತ್ತೆ ಬಂದು ಗೆದ್ದಿತು. ಸೋಲು ಖಚಿತವಾದಾಗ ಕಂಪಿಲರಾಯ ಆಶ್ರಿತನನ್ನು ಹೊಯ್ಸಳ ಮುಮ್ಮಡಿ ಬಲ್ಲಾಳನ ಬಳಿಗೆ ಸಾಗಹಾಕಿದ. ಅರಮನೆಯ ಹೆಂಗಸರು ಬೆಂಕಿಗೆ ಬಿದ್ದರು. ರಾಯ ಹೋರಾಡಿ ಸತ್ತ. ಬಲ್ಲಾಳ ಮಾತ್ರ ಗುರ್ಶಾಸ್ಪ್‌ನನ್ನು ಸುಲ್ತಾನನಿಗೆ ಒಪ್ಪಿಸಿ ತನ್ನ ರಾಜ್ಯವನ್ನು ಆ ಹೊತ್ತಿಗೆ ಉಳಿಸಿಕೊಂಡ.

ಈ ವಿವರಗಳಲ್ಲಿ ಬಹಳಷ್ಟನ್ನು ಹೇಳುವವನು ಮೊರಾಕೊ ದೇಶದ ಪ್ರವಾಸಿ ಇಬ್ನ್ ಬತೂತಾ. ಅವನು ದೆಹಲಿ ತಲುಪಿದ್ದು 1334ರಲ್ಲಿ. ಕಂಪಿಲರಾಯನ ಹನ್ನೊಂದು ಮಂದಿ ಮಕ್ಕಳನ್ನು ಸೆರೆಹಿಡಿದು ದೆಹಲಿಗೆ ಒಯ್ದು ಮತಾಂತರಿಸಲಾಯಿತು, ಅವರಿಗೆ ಆಸ್ಥಾನದಲ್ಲಿ ಗೌರವದ ಸ್ಥಾನಗಳು ದೊರೆತವು ಎಂದು ಬರೆಯುವ ಅವನು, ಆ ಸೋದರರಲ್ಲಿ ಮೂವರನ್ನು ತಾನು ಸ್ವತಃ ಬಲ್ಲೆನೆಂದೂ ಹೇಳುತ್ತಾನೆ.

ಈಗ ಕಾವ್ಯದ ಕಡೆಗೆ ತಿರುಗೋಣ. 16ನೆಯ ಶತಮಾನದ ಕವಿ ನಂಜುಂಡ, ಪಾಂಚಾಳ ಗಂಗ ಮೊದಲಾದವರು ಸಾಂಗತ್ಯದಲ್ಲಿ ಬರೆದ ಕುಮಾರರಾಮನ ಕಥೆಯಲ್ಲಿ ಸೆರೆಯಾಳು ರಾಜಕುಮಾರರಿಗೆ ಮಹತ್ವವಿಲ್ಲ. ಅಲ್ಲಿರುವವನು ಒಬ್ಬ ಮಗ, ಯಾರಿಗೂ ಬಾಗದವನು. ರಾಮನೆಂಬ ಮಗನೊಬ್ಬ ಇದ್ದದ್ದು ಬರಿಯ ಕಲ್ಪನೆಯೇನಲ್ಲ. ಹಾವೇರಿಯ ಬಳಿಯ ಸಂಗೂರಿನ ಶಾಸನದಲ್ಲಿ ಅವನ ಹೆಸರಿದೆ. ಆದರೆ ಕಾವ್ಯಗಳ ರಾಮ ಶಾಸನದ ರಾಮನಿಗಿಂತ ಬಹಳ ದೊಡ್ಡವನು. ಊರು ಸೋತದ್ದನ್ನು ಅಳಿಸಲು ಕವಿಗಳಿಗೆ ಸಾಧ್ಯವಿರಲಿಲ್ಲ. ಸೋತದ್ದು ಹೇಗೆ ಎಂಬುದನ್ನು ಹೇಳುವ ಹಕ್ಕನ್ನು ಮಾತ್ರ ಅವರು ದೆಹಲಿಗೆ ಬಿಟ್ಟುಕೊಡಲಿಲ್ಲ. ಅದ್ಭುತ ಕಥೆಯ ಆಕರ್ಷಣೆಯ ಮೊದಲ ಗುಟ್ಟು ಇದೇ ಇರಬೇಕು.

ಸೂತ್ರಗಳು ಬಂದದ್ದೆಲ್ಲಿಂದ?

ಕಥೆಯ ಸಾರಾಂಶ ಇಷ್ಟು. ಮುದಿ ರಾಜ ಕಂಪಿಲರಾಯನ ಕಿರಿಯ ರಾಣಿ ರತ್ನಾಜಿ. ಒಂದು ದಿನ ಚೆಂಡಾಡುವಾಗ ರಾಮನ ಚೆಂಡು ಅವಳ ಅರಮನೆಗೆ ಬೀಳುತ್ತದೆ. ತರಲು ಹೋದ ರಾಮನಿಗೆ ಅವಳು ಮನಸೋಲುತ್ತಾಳೆ. ನೀನು ನನಗೆ ತಾಯಿ ಎಂದು ಅವನು ಕೈಮುಗಿದು ಹೊರಬರುತ್ತಾನೆ. ಅವಮಾನಗೊಂಡ ರಾಣಿ ರಾಜನಲ್ಲಿ ಸುಳ್ಳು ದೂರು ಹೇಳುತ್ತಾಳೆ. ಮಗನ ತಲೆ ತೆಗೆಯಲು ರಾಜನ ಅಪ್ಪಣೆಯಾಗುತ್ತದೆ. ಮಂತ್ರಿ ಬೈಚಪ್ಪ ರಾಮನನ್ನು ನೆಲಮಾಳಿಗೆಯಲ್ಲಿ ಅಡಗಿಸಿ, ಬೇರೊಂದು ತಲೆಯನ್ನು ತೋರಿಸಿ ರಾಜನನ್ನು ನಂಬಿಸುತ್ತಾನೆ. ರಾಮ ಸತ್ತನೆಂದು ಧೈರ್ಯಗೊಂಡ ದೆಹಲಿಯ ದಂಡು ಮೇಲೇರಿ ಬಂದಾಗ ಅವನು ಹೊರಬಂದು ಗೆಲ್ಲುತ್ತಾನೆ. ಕೊನೆಯ ಯುದ್ಧದಲ್ಲಿ ಸುಲ್ತಾನ ಮಾತಂಗಿಯೆಂಬ ವೀರನಾರಿಯನ್ನು ಕಳುಹಿಸುತ್ತಾನೆ. ರಾಮ ಬೀಳುತ್ತಾನೆ. ಅವನ ತಲೆ ದೆಹಲಿಗೆ ಹೋಗುತ್ತದೆ.

ಈ ಕಥೆಯ ಒಂದೊಂದು ಎಳೆಯೂ ಲೋಕಸಂಚಾರಿ. ಮಲತಾಯಿಯ ಮೋಹ ಮತ್ತು ಸುಳ್ಳು ಆರೋಪ ಕ್ರಿಸ್ತಪೂರ್ವ 428ರಲ್ಲಿ ಗ್ರೀಸಿನ ಯೂರಿಪಿಡೀಸ್ ಆಡಿಸಿದ ‘ಹಿಪ್ಪೊಲಿಟಸ್’ ನಾಟಕದಲ್ಲಿದೆ. ಅಶೋಕನ ಮಗ ಕುಣಾಲ ಮತ್ತು ಮಲತಾಯಿ ತಿಷ್ಯರಕ್ಷಿತೆಯ ಬೌದ್ಧ ಕಥೆಯಲ್ಲಿದೆ. ಯಜಮಾನನ ಹೆಂಡತಿಯ ಆಸೆಗೆ ಒಪ್ಪದ ಯುವಕನಾಗಿ ಬೈಬಲ್ಲಿನ ಜೋಸೆಫ್, ಕುರಾನಿನ ಯೂಸುಫ್ ಇದ್ದಾರೆ. ಅಂದರೆ ಕುಮ್ಮಟದ ಕೋಟೆಯ ಒಳಗಿದ್ದವರಿಗೂ ಹೊರಗೆ ಮುತ್ತಿಗೆ ಹಾಕಿದವರಿಗೂ ಈ ಕಥೆಯ ಬೀಜ ಪರಿಚಿತವೇ ಆಗಿತ್ತು ಎನ್ನಬಹುದು.

ಸತ್ತನೆಂದು ತಿಳಿದವನು ಮರಳಿ ಬರುವುದು ಇನ್ನೊಂದು ಸೂತ್ರ. ಟೋಲ್ಕಿನ್‌ನ ಕಥೆಯಲ್ಲಿ ಮುದುಕ ಮಾಂತ್ರಿಕ ಗ್ಯಾಂಡಾಲ್ಫ್ ಪಾತಾಳಕ್ಕೆ ಬಿದ್ದು ಮತ್ತೆ ಬರುತ್ತಾನೆ. 2007ರಲ್ಲಿ ಬಂದ ಹ್ಯಾರಿ ಪಾಟರ್ ಸರಣಿಯ ಕೊನೆಯ ಪುಸ್ತಕದಲ್ಲಿ ಹ್ಯಾರಿ ಸತ್ತನೆಂದು ವೈರಿಗಳು ಸಂಭ್ರಮಿಸುವಾಗಲೇ ಅವನು ಎದ್ದು ನಿಲ್ಲುತ್ತಾನೆ. ಓದುಗನಿಗೆ ಇದು ಮೊದಲೇ ಗೊತ್ತಿರುತ್ತದೆ. ಗೊತ್ತಿದ್ದೂ ಕಾಯುತ್ತಾನೆ. ಜಾತ್ರೆಯಲ್ಲಿ ರಥ ಯಾವ ಬೀದಿಗೆ ತಿರುಗುತ್ತದೆಂದು ತಿಳಿದಿದ್ದೂ ಜನ ಅದೇ ಮೂಲೆಯಲ್ಲಿ ನಿಂತು ಕಾಯುವುದಿಲ್ಲವೇ, ಹಾಗೆ.

ಆದರೆ ಕುಮಾರರಾಮನ ಕಥೆಯಲ್ಲಿ ಈ ಸೂತ್ರಕ್ಕೆ ಒಂದು ಕಹಿ ತಿರುವಿದೆ. ಮೊದಲ ಸಲ ತೋರಿಸಿದ ತಲೆ ಸುಳ್ಳು. ಎರಡನೆಯ ಸಲ ದೆಹಲಿಗೆ ಹೋದದ್ದು ನಿಜವಾದ ತಲೆ. ನೆಲಮಾಳಿಗೆಯಿಂದ ಒಮ್ಮೆ ಪಡೆದ ಆಯುಷ್ಯ ಸಾಲವಾಗಿತ್ತು, ಅದು ತೀರಿಹೋಯಿತು. ಇಂದಿನ ಫ್ಯಾಂಟಸಿಗಳ ನಾಯಕ ಸಾಮಾನ್ಯವಾಗಿ ಗೆದ್ದು ಮನೆಗೆ ಮರಳುತ್ತಾನೆ. ಕಂಪ್ಲಿಯ ನಾಯಕನಿಗೆ ಆ ಭಾಗ್ಯವಿಲ್ಲ. ಏಕೆಂದರೆ ಕೇಳುತ್ತ ಕುಳಿತವರಿಗೆಲ್ಲ ಊರು ಉಳಿಯಲಿಲ್ಲವೆಂಬುದು ತಿಳಿದಿತ್ತು. ಕಲ್ಪನೆ ಎಷ್ಟು ಎತ್ತರಕ್ಕೆ ಹಾರಿದರೂ ಇತಿಹಾಸದ ಗೂಟಕ್ಕೆ ಕಟ್ಟಿದ ಹಗ್ಗದಷ್ಟೇ ಅದರ ದೂರ.

ಕಾವ್ಯ ಇತಿಹಾಸದ ಇನ್ನೊಂದು ಸತ್ಯವನ್ನೂ ಬಿಟ್ಟುಕೊಡಲಿಲ್ಲ. ದೆಹಲಿಯಿಂದ ಓಡಿಬಂದ ಗುರ್ಶಾಸ್ಪ್ ಸಾಂಗತ್ಯಗಳಲ್ಲಿ ‘ಬಹಾದುರ’ ಎಂಬ ಹೆಸರಿನಿಂದ ಬರುತ್ತಾನೆ. ಶರಣು ಬಂದವನು ಬೇರೆ ಧರ್ಮದವನು, ಬೇರೆ ಭಾಷೆಯವನು, ತನ್ನ ದೊರೆಗೇ ತಿರುಗಿಬಿದ್ದವನು. ಆದರೂ ಅವನಿಗೆ ಆಶ್ರಯ ಕೊಟ್ಟದ್ದು ತಪ್ಪೆಂದು ಕವಿಗಳು ಹೇಳುವುದಿಲ್ಲ. ಸೋಲಿಗೆ ಕಾರಣವಾದ ನಡತೆಯನ್ನೇ ಅವರು ರಾಜ್ಯದ ಹಿರಿಮೆಯಾಗಿ ಉಳಿಸಿಕೊಂಡರು.

ವರದಲ್ಲೊಂದು ಬಿರುಕು

ಅದ್ಭುತ ಕಥೆಯಲ್ಲಿ ಏನು ಬೇಕಾದರೂ ನಡೆಯಬಹುದು ಎಂದು ತಿಳಿದವರುಂಟು. ಹಾಗೇನಿಲ್ಲ. ಅಲ್ಲಿ ಮಂತ್ರಕ್ಕೂ ಕಟ್ಟುಪಾಡಿದೆ, ವರಕ್ಕೂ ಷರತ್ತಿದೆ.

ಸಂಡೂರಿನ ಬೆಟ್ಟದ ಕುಮಾರಸ್ವಾಮಿಯ ಕಥೆಯನ್ನೇ ತೆಗೆದುಕೊಳ್ಳಿ. ಶಿವನ ಮಗನ ಹೊರತು ಬೇರಾರಿಂದಲೂ ತನಗೆ ಸಾವು ಬರಬಾರದೆಂದು ತಾರಕಾಸುರ ವರ ಪಡೆದ. ಶಿವನೋ ವಿರಾಗಿ, ಅವನಿಗೆ ಮಗ ಹುಟ್ಟುವುದೆಲ್ಲಿ ಎಂಬುದು ಅಸುರನ ಲೆಕ್ಕ. ಆ ಲೆಕ್ಕ ತಪ್ಪಿದ್ದೇ ಕುಮಾರನ ಜನನ. ಅಸುರನನ್ನು ಕೊಂದದ್ದು ಇದೇ ಬೆಟ್ಟಗಳಲ್ಲಿ ಎಂಬುದು ಸ್ಥಳಪುರಾಣ. ಬೆಟ್ಟಕ್ಕೆ ಲೋಹಾಚಲವೆಂಬ ಹೆಸರೂ ಇದೆ. ಕಬ್ಬಿಣದ ಅದಿರಿಗೆ ಹೆಸರಾದ ಸಾಲಿಗೆ ಪುರಾಣ ಕೊಟ್ಟ ಹೆಸರು ಎಷ್ಟು ಒಪ್ಪುವಂಥದು ನೋಡಿ!

1954-55ರಲ್ಲಿ ಪ್ರಕಟವಾದ ಟೋಲ್ಕಿನ್‌ನ ‘ದ ಲಾರ್ಡ್ ಆಫ್ ದ ರಿಂಗ್ಸ್’ ಕಾದಂಬರಿಯಲ್ಲೂ ಇಂಥದೇ ಬಿರುಕಿದೆ. ಯಾವ ಗಂಡಸಿನಿಂದಲೂ ಸಾವಿಲ್ಲವೆಂದು ಬೀಗುತ್ತಿದ್ದ ಪ್ರೇತರಾಜ, ಗಂಡುವೇಷದಲ್ಲಿ ಯುದ್ಧಕ್ಕೆ ಬಂದ ಯೋವಿನ್ ಎಂಬ ಹೆಣ್ಣಿನ ಕತ್ತಿಗೆ ಬಲಿಯಾಗುತ್ತಾನೆ. ಕುಮಾರರಾಮನ ಕಥೆಯಲ್ಲಿ ವರವಿಲ್ಲ, ಬಿರುದಿದೆ. ಅವನು ‘ಪರದಾರ ಸೋದರ’, ಪರಸ್ತ್ರೀಯರಿಗೆ ಅಣ್ಣತಮ್ಮನಂಥವನು. ಅಂಥವನ ಎದುರಿಗೆ ಹೆಣ್ಣನ್ನೇ ಆಯುಧ ಹಿಡಿಸಿ ನಿಲ್ಲಿಸಿದರೆ? ಮಾತಂಗಿಯ ಪಾತ್ರದ ಗುಟ್ಟು ಅಲ್ಲಿದೆ. ಅಸುರನ ದೌರ್ಬಲ್ಯ ಅವನ ಅಹಂಕಾರದಲ್ಲಿದ್ದರೆ ನಾಯಕನ ದೌರ್ಬಲ್ಯ ಅವನ ಸದ್ಗುಣದಲ್ಲೇ ಇರುತ್ತದೆ.

ಹಂಪಿಗೆ ಬಂದರೆ ಷರತ್ತಿನ ಕಥೆ ಇಡೀ ನಗರದ ಆಯುಷ್ಯಕ್ಕೇ ಅಂಟಿಕೊಂಡಿದೆ. ವಿಜಯನಗರದ ಅಡಿಗಲ್ಲಿಡಲು ಮುಹೂರ್ತ ನೋಡಿದ ವಿದ್ಯಾರಣ್ಯರು ತಾವು ಶಂಖ ಊದಿದಾಗ ಕಲ್ಲಿಡಿ ಎಂದರಂತೆ. ಅದಕ್ಕೆ ಮುನ್ನವೇ ಎಲ್ಲೋ ಭಿಕ್ಷುಕನೊಬ್ಬ ಊದಿದ ಶಂಖದ ದನಿ ಕೇಳಿ ಜನ ಕಲ್ಲಿಟ್ಟುಬಿಟ್ಟರಂತೆ. ಹಾಗಾಗಿ ನಗರದ ಆಯುಷ್ಯ ಮೊಟಕಾಯಿತೆಂಬುದು ಐತಿಹ್ಯ. 1336ರಲ್ಲಿ ಸ್ಥಾಪನೆಯಾಯಿತೆನ್ನುವ ರಾಜಧಾನಿ 1565ರ ಜನವರಿಯಲ್ಲಿ ರಕ್ಕಸಗಿ-ತಂಗಡಗಿ ಯುದ್ಧದ ಬೆನ್ನಿಗೆ ಹಾಳಾಯಿತು. 229 ವರ್ಷ. ಇಷ್ಟು ದೊಡ್ಡ ಊರು ಒಮ್ಮೆಲೇ ಹೇಗೆ ಪಾಳುಬಿತ್ತು ಎಂಬ ದಿಗ್ಭ್ರಮೆಗೆ ಜನ ಕಂಡುಕೊಂಡ ಉತ್ತರ ಆ ತಪ್ಪು ಶಂಖ.

ನಾಯಿಗಳನ್ನೇ ಅಟ್ಟಿಸಿಕೊಂಡು ಹೋದ ಮೊಲದ ಕಥೆಯೂ ಅಂಥದೇ. 1535ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಅದನ್ನು ಬರೆದಿಟ್ಟಿದ್ದಾನೆ. ಸಾಬರಮತಿ ದಂಡೆಯ ಅಹಮದಾಬಾದಿನ ಸ್ಥಾಪನೆಗೂ ಇದೇ ಕಥೆ ಹೇಳುತ್ತಾರೆ. ಕಥೆ ಎರವಲು ಇರಬಹುದು. ಆದರೆ ಕಂಪ್ಲಿ ಬಿದ್ದ ಹತ್ತು ವರ್ಷದೊಳಗೆ ಅದರ ಪಕ್ಕದಲ್ಲೇ ಹೊಸ ರಾಜಧಾನಿ ಕಟ್ಟಿದವರಿಗೆ ‘ಈ ನೆಲದಲ್ಲಿ ಮೊಲವೂ ತಿರುಗಿ ನಿಲ್ಲುತ್ತದೆ’ ಎಂಬ ಮಾತು ಬರಿಯ ಚಮತ್ಕಾರವಾಗಿರಲಿಲ್ಲ. ಅದು ಬೇಕಾಗಿದ್ದ ಧೈರ್ಯ.

ರತ್ನಾಜಿಯ ಪಾಲು

ಹಾಗೆಂದು ಈ ಕಥೆಗಳು ಎಲ್ಲರಿಗೂ ಸಮನಾಗಿ ನ್ಯಾಯ ಹಂಚಿವೆಯೆನ್ನಲಾಗದು. ಇತಿಹಾಸದಲ್ಲಿ ಕಂಪ್ಲಿಯ ಹೆಂಗಸರು ಬೆಂಕಿಗೆ ಹೋದವರು. ಕಾವ್ಯದಲ್ಲಿ ಕೇಡಿನ ಮೂಲ ರತ್ನಾಜಿ. ಸಾವಿನ ಕೈ ಮಾತಂಗಿಯದು. ದಂಡು ಬರುವುದಕ್ಕೆ ರಾಮನನ್ನು ಮೆಚ್ಚಿದ ಸುಲ್ತಾನನ ಮಗಳೂ ಒಂದು ನೆಪ. ಅಂದರೆ ಊರು ಏಕೆ ಬಿತ್ತು ಎಂಬ ಪ್ರಶ್ನೆಯ ಉತ್ತರ ಮೂರು ಬಾರಿಯೂ ಹೆಣ್ಣಿನ ಬಾಗಿಲಿಗೆ ಬಂದು ನಿಂತಿತು. ಕಿವಿಗೆ ಬಿದ್ದದ್ದನ್ನು ವಿಚಾರಿಸದೆ ಮಗನ ತಲೆ ತೆಗೆಯಹೇಳಿದ ರಾಜನ ತಪ್ಪು ಅಷ್ಟಾಗಿ ಯಾರ ಬಾಯಲ್ಲೂ ಇಲ್ಲ. ಸೂತ್ರಗಳು ಕಥೆಯನ್ನು ನೆನಪಿಡಲು ಸುಲಭ ಮಾಡುತ್ತವೆ ನಿಜ. ಯಾರನ್ನು ದೂರಬೇಕೆಂಬುದನ್ನೂ ಅಷ್ಟೇ ಸುಲಭ ಮಾಡಿಬಿಡುತ್ತವೆ.

2023ರಲ್ಲಿ ಪ್ರಕಟವಾದ ಸಲ್ಮಾನ್ ರಶ್ದಿ ಅವರ ಇಂಗ್ಲಿಷ್ ಕಾದಂಬರಿ ‘ವಿಕ್ಟರಿ ಸಿಟಿ’ ಈ ಕಾರಣದಿಂದ ಗಮನಾರ್ಹ. ಅದು ಶುರುವಾಗುವುದು ಕಂಪ್ಲಿಯ ಪತನದಿಂದ, ಹೆಂಗಸರು ಹೊಕ್ಕ ಆ ಬೆಂಕಿಯಿಂದ. ತಾಯಿ ಬೆಂಕಿಗೆ ನಡೆದುಹೋದದ್ದನ್ನು ಕಂಡ ಒಂಬತ್ತು ವರ್ಷದ ಹುಡುಗಿ ಪಂಪಾ ಕಂಪಾನಳ ಬಾಯಲ್ಲಿ ದೇವತೆ ನುಡಿಯುತ್ತಾಳೆ. ಅವಳು ಕೊಟ್ಟ ಬೀಜಗಳನ್ನು ಬಿತ್ತಿದಲ್ಲಿ ರಾತ್ರೋರಾತ್ರಿ ನಗರವೇ ಮೊಳೆಯುತ್ತದೆ. 247 ವರ್ಷ ಬಾಳಿ ಅದರ ಹುಟ್ಟು, ಏಳಿಗೆ, ನಾಶಗಳನ್ನೆಲ್ಲ ಅವಳೇ ಕಾವ್ಯವಾಗಿ ಬರೆಯುತ್ತಾಳೆ. ಇತಿಹಾಸದ ದಿನಾಂಕಗಳೊಡನೆ ಅದನ್ನು ಒಪ್ಪವಿಟ್ಟು ನೋಡುವುದು ವ್ಯರ್ಥ. ಆದರೆ ಸಾಂಗತ್ಯಗಳು ಮಾಡಿದ ಕೆಲಸವನ್ನೇ ಈ ಕಾದಂಬರಿಯೂ ಮಾಡಿದೆ: ಹೋದ ಊರಿಗೆ ಒಬ್ಬ ಸಾಕ್ಷಿಯನ್ನು ಕೊಟ್ಟಿದೆ. ಈ ಬಾರಿ ಸಾಕ್ಷಿ ಹೆಣ್ಣು. ಹಳೆಯ ಸೂತ್ರವನ್ನು ಇಟ್ಟುಕೊಂಡೇ ಹಳೆಯ ಆರೋಪವನ್ನು ತೆಗೆದುಹಾಕಬಹುದೆಂಬುದಕ್ಕೆ ಇದು ಉದಾಹರಣೆ.

ಕಥೆಯೇ ನಕ್ಷೆಯಾದಾಗ

ಅದ್ಭುತ ಕಥೆ ಓದುವವನು ವಾಸ್ತವದಿಂದ ಓಡಿಹೋಗುವವನು ಎಂಬ ಟೀಕೆ ಹಳೆಯದು. 1939ರ ಒಂದು ಉಪನ್ಯಾಸದಲ್ಲಿ ಟೋಲ್ಕಿನ್ ಇದಕ್ಕೆ ಉತ್ತರ ಕೊಟ್ಟಿದ್ದ. ಸೆರೆಯಾಳು ಹೊರಗಿನ ಲೋಕವನ್ನು ನೆನೆಯುವುದು ಬೇರೆ, ಸಿಪಾಯಿ ರಣರಂಗದಿಂದ ಪರಾರಿಯಾಗುವುದು ಬೇರೆ ಎಂಬುದು ಅವನ ವಾದದ ತಿರುಳು. ನಮ್ಮಲ್ಲಿ ಭರತನ ನಾಟ್ಯಶಾಸ್ತ್ರ ಅದ್ಭುತವನ್ನು ರಸಗಳಲ್ಲಿ ಒಂದಾಗಿ ಎಣಿಸಿ, ಅದರ ಸ್ಥಾಯಿಭಾವ ವಿಸ್ಮಯ ಎಂದಿತು. ಬೆರಗಾಗುವುದು ಮೂಢತನವೆಂದು ನಮ್ಮ ಹಿರಿಯರು ತಿಳಿದಿರಲಿಲ್ಲ. 1951ರ ‘ಜಗನ್ಮೋಹಿನಿ’ ಚಿತ್ರಕ್ಕೆ ಮುಗಿಬಿದ್ದವರು, ‘ಚಂದಮಾಮ’ದ ಬೇತಾಳ ಮತ್ತೆ ಮರವೇರುವುದನ್ನು ಓದುತ್ತ ಬೆಳೆದವರು, 2006ರಲ್ಲಿ ಶಿವರಾಜ್‌ಕುಮಾರ್ ‘ಗಂಡುಗಲಿ ಕುಮಾರರಾಮ’ನಾಗಿ ಬಂದಾಗ ಚಿತ್ರಮಂದಿರಕ್ಕೆ ಹೋದವರು ಯಾರೂ ಅದನ್ನು ವರದಿಯೆಂದು ಭಾವಿಸಿರಲಿಲ್ಲ.

ತೊಂದರೆ ಶುರುವಾಗುವುದು ಕಥೆಯನ್ನು ಕಥೆಯೆಂದು ಮರೆತಾಗ. ಹಂಪಿಯ ಪೂರ್ವಕ್ಕೆ ನಿಂಬಾಪುರದ ಬಳಿ ಬೂದಿಯ ದಿಬ್ಬವೊಂದಿದೆ. ಕಿಷ್ಕಿಂಧೆಯ ವಾಲಿಯನ್ನು ಸುಟ್ಟ ಜಾಗವೆಂಬುದು ಜನರ ನಂಬಿಕೆ. ಪುರಾತತ್ತ್ವಜ್ಞರ ಪ್ರಕಾರ ಇಂಥ ದಿಬ್ಬಗಳು ನವಶಿಲಾಯುಗದ ದನಗಾಹಿಗಳ ದೊಡ್ಡಿಗಳಲ್ಲಿ ರಾಶಿಬಿದ್ದ ಸಗಣಿ ಸುಟ್ಟು ಉಳಿದ ಬೂದಿ, ಸಾವಿರಾರು ವರ್ಷ ಹಿಂದಿನದು. ಎರಡೂ ಮಾತು ಒಟ್ಟಿಗೆ ಬಾಳಬಹುದು. ಬೂದಿ ಕಂಡವರು ಬೆಂಕಿಯನ್ನು ಊಹಿಸಿದರು, ಬೆಂಕಿಗೆ ತಕ್ಕ ವೀರನನ್ನು ಹುಡುಕಿದರು. ವಾಲಿಯ ಕಥೆ ಆ ದಿಬ್ಬಕ್ಕೆ ಗೌರವವನ್ನೇ ತಂದಿತು.

ನಿಧಿಯ ಕಥೆ ಹಾಗಲ್ಲ. ಪಾಳು ಗುಡಿಯ ಕೆಳಗೆ ಕೊಪ್ಪರಿಗೆ ಹೊನ್ನು, ಅದಕ್ಕೆ ಕಾವಲು ಹೆಡೆ ಎತ್ತಿದ ಸರ್ಪ ಎಂಬುದು ನಾವೆಲ್ಲ ಬಾಲ್ಯದಲ್ಲಿ ಕೇಳಿದ ಸೂತ್ರ. 1937ರ ‘ದ ಹಾಬಿಟ್’ನಲ್ಲಿ ಬೆಟ್ಟದ ಗುಹೆಯ ಚಿನ್ನದ ಮೇಲೆ ಮಲಗಿದ ಬೆಂಕಿಯುಗುಳುವ ಡ್ರಾಗನ್ ಅದೇ ಸರ್ಪದ ದಾಯಾದಿ. ಕಥೆಯಲ್ಲಿ ನಿಧಿಯ ಆಸೆ ಸಾಮಾನ್ಯವಾಗಿ ಆಸೆಪಟ್ಟವನನ್ನೇ ನುಂಗುತ್ತದೆ. ಇಲ್ಲಿ ಆ ಅರ್ಧ ಮರೆತು, ಉಳಿದರ್ಧವನ್ನು ನಕ್ಷೆಯಂತೆ ಹಿಡಿದುಕೊಂಡು ರಾತ್ರಿ ಹಾರೆ ಗುದ್ದಲಿ ತರುವವರಿದ್ದಾರೆ. 2019ರ ಜುಲೈಯಲ್ಲಿ ಆನೆಗೊಂದಿಯ ಬಳಿಯ ನವಬೃಂದಾವನ ನಡುಗಡ್ಡೆಯಲ್ಲಿ ವ್ಯಾಸರಾಜರ ಬೃಂದಾವನವನ್ನೇ ನಿಧಿಗಳ್ಳರು ಒಡೆದುಹಾಕಿದರು. 1539ರಲ್ಲಿ ತೀರಿಕೊಂಡ, ಕೃಷ್ಣದೇವರಾಯನ ಗುರುವೆಂದು ಹೆಸರಾದ ಯತಿಯ ಸಮಾಧಿ ಅದು. ಭಕ್ತರು ಸೇರಿ ಅದನ್ನು ಬೇಗನೆ ಮತ್ತೆ ಕಟ್ಟಿದರು. ಆದರೆ ಇಂಥ ರಕ್ಷಕರಿಲ್ಲದ ಗುಡಿ, ಮಂಟಪ, ವೀರಗಲ್ಲುಗಳು ಈ ಸೀಮೆಯಲ್ಲಿ ಎಷ್ಟಿಲ್ಲ? 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಹಂಪಿಯ ಹೆಸರು ದೊಡ್ಡದು. ಕಾವಲುಗಾರನಿಲ್ಲದ ಬಂಡೆಯ ಮರೆಯ ಗುಡಿಗೆ ಆ ಹೆಸರು ಬೀಗವಾಗುವುದಿಲ್ಲ.

ಇದಕ್ಕೆ ಕಥೆಗಳನ್ನು ದೂರಿ ಪ್ರಯೋಜನವಿಲ್ಲ. ಕಥೆಯನ್ನು ಪೂರ್ತಿ ಹೇಳದಿರುವುದೇ ತಪ್ಪು. ಸರ್ಪ ಕಾಯುತ್ತಿರುವುದು ಚಿನ್ನವನ್ನಲ್ಲ, ಆ ಜಾಗವನ್ನು ಎಂದು ಮಕ್ಕಳಿಗೆ ಹೇಳಿಕೊಡುವುದು ಕಷ್ಟದ ಮಾತೇನಲ್ಲ. ಶಾಲೆಯ ಪ್ರವಾಸದಲ್ಲಿ ಹಂಪಿಗೆ ಬರುವ ಮಕ್ಕಳಿಗೆ ರಥ, ರಾಣಿಯ ಸ್ನಾನಗೃಹಗಳ ಜೊತೆಗೆ ಕಂಪ್ಲಿಯ ಈ ಎರಡು ಚರಿತ್ರೆಗಳನ್ನೂ ಅಕ್ಕಪಕ್ಕ ಇಟ್ಟು ಹೇಳಿದರೆ, ನಡೆದದ್ದು ಯಾವುದು, ಜನ ಬಯಸಿದ್ದು ಯಾವುದು ಎಂದು ಅವರೇ ಬೇರ್ಪಡಿಸಿಯಾರು.

ಹೇಳುವುದಕ್ಕೆ ಜಾಗವೂ ಇದೆ. ವಿರೂಪಾಕ್ಷ ಗುಡಿಯ ಪಕ್ಕದ ಹೇಮಕೂಟದ ಮೇಲೆ ಮೂರು ಗರ್ಭಗುಡಿಗಳ ಒಂದು ಶಿವಾಲಯವಿದೆ. ಸೂರ್ಯಾಸ್ತ ನೋಡಲು ಬೆಟ್ಟ ಹತ್ತುವವರು ಅದರ ಮುಂದೆಯೇ ಹಾದುಹೋಗುತ್ತಾರೆ. ತಂದೆ ಮುಮ್ಮಡಿ ಸಿಂಗೆಯ ನಾಯಕ, ತಾಯಿ ಮಾದನಾಯಕಿತಿ ಮತ್ತು ಪೆರುಮೆಯ ನಾಯಕನ ನೆನಪಿಗೆ ಮೂರು ಲಿಂಗಗಳನ್ನು ಪ್ರತಿಷ್ಠಿಸಿದೆನೆಂದು ವೀರ ಕಂಪಿಲದೇವ ಅಲ್ಲಿ ಶಾಸನ ಬರೆಸಿದ್ದಾನೆ. ವಿಜಯನಗರ ಹುಟ್ಟುವ ಮೊದಲಿನ ಕಲ್ಲು ಅದು. ಹೆತ್ತವರ ನೆನಪಿಗೆ ಗುಡಿ ಕಟ್ಟಿಸಿದ ಆ ದೊರೆ ಯುದ್ಧದಲ್ಲಿ ಬಿದ್ದಾಗ, ಇಬ್ನ್ ಬತೂತಾನ ಮಾತು ನಿಜವಾದರೆ, ಅವನ ಮಕ್ಕಳು ದೆಹಲಿಯ ದಾರಿ ಹಿಡಿದಿದ್ದರು. ಮಕ್ಕಳು ಮಾಡಬೇಕಾಗಿದ್ದ ಕೆಲಸವನ್ನು ಹಾಡುವವರು ಮಾಡಿದರು.